ಗಾಡಿ ಕೊನೆಗೆ ಕೊಳ್ಳಿ

ಎರಡು ತಿಂಗಳ ಹಿಂದೆ ಈ ಅಂಕಣದಲ್ಲಿ ಮಳೆಗಾಲದ ಸ್ಕೂಟರ್ ರ್‍ಯಾಲಿ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಪತ್ರ ಮೈಲೇಜಿಗಾಗಲಿ ಎಂಜಿನ್ ಆಯಿಲಿಗಾಗಲಿ ಎಂದೂ ಬಂದಿಲ್ಲ. ಸುತ್ತಿ ಬಳಸಿ ಎಲ್ಲರ ಪ್ರಶ್ನೆಯೂ ಒಂದೇ: ಸಂಬಳದ ಮೇಲೆ ಬದುಕುವವರು ಮೋಟರ್ ಸ್ಪರ್ಧೆಗೆ ಇಳಿಯಬಹುದೇ? ಗದಗದಿಂದ ಬಂದು ಪುಣೆ ಬಳಿಯ ಭೋಸರಿಯ ಟೂಲ್‌ರೂಮಿನಲ್ಲಿ ಪಾಳಿ ಕೆಲಸ ಮಾಡುತ್ತಲೇ ಹನ್ನೊಂದು ಮಳೆಗಾಲ ರ್‍ಯಾಲಿ ಓಡಿಸಿದವನು ನಾನು. ಖಂಡಿತ ಇಳಿಯಬಹುದು. ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

*ನನ್ನೂರು ಬಾಗಲಕೋಟೆ ಕಡೆ, ಕೆಲಸ ಚಾಕಣದ ಕಾರ್ಖಾನೆಯಲ್ಲಿ. ವಯಸ್ಸು 24. ಪಲ್ಸರ್ 150 ಇದೆ. ಪುಣೆಯಲ್ಲಿ ಒಮ್ಮೆ ಮಣ್ಣಿನ ಹಾದಿಯ ಡರ್ಟ್ ರೇಸ್ ನೋಡಿದೆ, ಅಂದಿನಿಂದ ಅದೇ ಗುಂಗು. ವರ್ಷಕ್ಕೆ 60 ಸಾವಿರ ಉಳಿಸಬಲ್ಲೆ. ಸಾಲ ಮಾಡಿ ಮಣ್ಣಿನ ದಾರಿಗೆ ಹೊಂದುವ ಎಕ್ಸ್‌ಪಲ್ಸ್ ತಗೊಳ್ಳಲೇ, ಇಲ್ಲಾ ಪಲ್ಸರನ್ನೇ ಬಿಚ್ಚಿ ರೇಸ್ ಗಾಡಿ ಮಾಡಲೇ?*
— ಒಬ್ಬ ಓದುಗ, ಚಾಕಣ

ತಮ್ಮಾ, ಈ ವರ್ಷ ಎರಡೂ ಬೇಡ. ಸಾಲದ ಗಾಡಿಯ ಮೇಲೆ ಕೂತವನು ಗುಂಡಿ ಕಂಡಾಗ ಕಂತಿನ ಲೆಕ್ಕ ಹಾಕುತ್ತಾನೆ, ಕೈ ತಾನಾಗಿ ಬ್ರೇಕಿಗೆ ಹೋಗುತ್ತದೆ. ಪಲ್ಸರ್ ನಿನ್ನನ್ನು ದಿನಾ ಪಾಳಿಗೆ ಒಯ್ಯುವ ಗಾಡಿ. ಭಾನುವಾರ ಅದರ ಫೋರ್ಕ್ ಬಾಗಿದರೆ ಸೋಮವಾರ ಬೆಳಿಗ್ಗೆ ಆರಕ್ಕೆ ಬಸ್ಸಿಗೆ ನಿಲ್ಲಬೇಕಾಗುತ್ತದೆ. ಮುರಿದು ಮೂಲೆಗೆ ನಿಂತರೂ ಮನೆಯ ಸಂಸಾರ ನಡೆಯುವಂಥ ಗಾಡಿಯಲ್ಲೇ ರೇಸ್ ಮಾಡಬೇಕು.

ಮೊದಲ ವರ್ಷದ ದುಡ್ಡಿನಲ್ಲಿ ಅರ್ಧ ನಿನ್ನ ಮೈಗೆ. ಡಬಲ್ ಡಿ-ರಿಂಗ್ ಪಟ್ಟಿಯ, ಇಸಿಇ ಇಲ್ಲವೇ ಸ್ನೆಲ್ ಸುರಕ್ಷತಾ ಗುರುತಿನ ಹೆಲ್ಮೆಟ್, ಮೊಣಕಾಲು-ಮೊಣಕೈ ಕವಚ, ಎದೆ-ಬೆನ್ನಿನ ಕವಚ, ಗಾಗಲ್ಸ್, ಕಣಕಾಲು ದಾಟಿ ಮೇಲೆ ಬರುವ ಬೂಟು. ಬೂಟಿಗೆ ದುಡ್ಡು ಉಳಿಸಬೇಡ. ಮಣ್ಣಿನ ತಿರುವಿನಲ್ಲಿ ಕಾಲು ಊರಿದಾಗ ಗಾಡಿಯ ಭಾರವೆಲ್ಲ ಬೀಳುವುದು ಕಣಕಾಲಿನ ಮೇಲೆ. ಹೆಲ್ಮೆಟ್ ಮಾತ್ರ ಎಂದೂ ಸೆಕೆಂಡ್‌ಹ್ಯಾಂಡ್ ಬೇಡ, ಒಳಗಿನ ಥರ್ಮೋಕೋಲ್ ಒಮ್ಮೆ ಪೆಟ್ಟು ತಿಂದಿದ್ದರೆ ಹೊರಗಿನಿಂದ ಗೊತ್ತಾಗುವುದೇ ಇಲ್ಲ.

ಉಳಿದ ದುಡ್ಡಿಗೆ ಹಳೆಯದೊಂದು ಗಾಡಿ ಹುಡುಕು, ಗೆಳೆಯನೊಬ್ಬನ ಜೊತೆ ಪಾಲು ಹಾಕಿಕೊಂಡರೂ ಸರಿಯೇ. ಸ್ಕೂಟರೂ ಆದೀತು. ಸ್ಕೂಟರ್ ಎಂದು ಮೂಗು ಮುರಿಯಬೇಡ. ರಾಷ್ಟ್ರೀಯ ದ್ವಿಚಕ್ರ ರ್‍ಯಾಲಿ ಚಾಂಪಿಯನ್‌ಶಿಪ್ಪಿನಲ್ಲಿ ಅದಕ್ಕೆ ಪ್ರತ್ಯೇಕ ವರ್ಗವೇ ಇದೆ, ಮುಂಬೈ-ನಾಸಿಕ್ ಕಡೆ ಮಳೆಗಾಲದ ಸ್ಕೂಟರ್ ರ್‍ಯಾಲಿಗೆ ಹಳೆಯ ಪರಂಪರೆ ಇದೆ. ಬಿಡಿಭಾಗ ಪುಣೆಯ ನಾನಾ ಪೇಠೆಯಲ್ಲಿ ಸಿಗುತ್ತದೆ. ಅಲ್ಲಿ ಸಿಗದ ಲಿವರ್, ಫುಟ್‌ರೆಸ್ಟು ಭಾನುವಾರ-ಬುಧವಾರದ ಹಳೆ ಸಾಮಾನಿನ ಜುನಾ ಬಜಾರಿನಲ್ಲಿ ಸಿಕ್ಕಿದ್ದೂ ಉಂಟು.

ಗಾಡಿಯಲ್ಲಿ ಎಲ್ಲಿ ಖರ್ಚು ಮಾಡಬೇಕು ಎನ್ನುವುದಕ್ಕೆ ನನ್ನದೇ ಒಂದು ಕಥೆ. 1996ರ ಮಳೆಗಾಲ, ನನ್ನದು ಹಳೆಯ ಕೈನೆಟಿಕ್ ಹೋಂಡಾ. ಎರಡು ತಿಂಗಳ ಓವರ್‌ಟೈಮ್ ದುಡ್ಡು ಸುರಿದು ಬ್ಲಾಕ್ ಪೋರ್ಟಿಂಗ್ ಮಾಡಿಸಿದ್ದೆ, ಹೆಡ್ ಇಳಿಸಿದ್ದೆ, ಜೆಟ್ ಬದಲಿಸಿದ್ದೆ, ಎಲ್ಲ ಎಂಜಿನ್ನಿನ ಬಲ ಹೆಚ್ಚಲೆಂದು. ಪನ್ವೇಲ್ ಆಚೆಯ ಗದ್ದೆ ದಾರಿಯಲ್ಲಿ ಒಂದು ಹಳ್ಳ ಬಂತು, ಮೊಣಕಾಲು ಮಟ್ಟದ ಕೆಂಪು ನೀರು. ದಾಟಿದೆ. ದಂಡೆ ಹತ್ತುವಾಗ ಎಂಜಿನ್ ಕಿರುಚುತ್ತಿದೆ, ಹಿಂದಿನ ಗಾಲಿ ಮಾತ್ರ ತಿರುಗುತ್ತಿಲ್ಲ. ಎಂಜಿನ್ನಿನ ಬಲವನ್ನು ಬೆಲ್ಟಿನ ಮೂಲಕ ಗಾಲಿಗೆ ಮುಟ್ಟಿಸುವ ವೇರಿಯೇಟರಿನ ಮುಚ್ಚಳದೊಳಗೆ ನೀರು ನುಗ್ಗಿ ಬೆಲ್ಟ್ ಜಾರುತ್ತಿತ್ತು. ಮಳೆಯಲ್ಲೇ ಕೂತು ಬೋಲ್ಟುಗಳನ್ನು ಬಿಚ್ಚಿ, ಬನಿಯನ್ ಕಳಚಿ ಬೆಲ್ಟ್ ಒರೆಸಿ, ಮತ್ತೆ ಜೋಡಿಸುವಷ್ಟರಲ್ಲಿ ನನ್ನ ವರ್ಗದ ಅಷ್ಟೂ ಗಾಡಿ ಮುಂದೆ ಹೋಗಿದ್ದವು. ಮುಚ್ಚಳದ ಅಂಚಿಗೆ ಗ್ಯಾಸ್ಕೆಟ್ ಪೇಸ್ಟು, ಗಾಳಿ ಎಳೆಯುವ ಬಾಯಿಗೆ ಒಂದು ಮೊಳ ರಬ್ಬರ್ ಪೈಪು ಹಾಕಿ ಸೀಟಿನ ಕೆಳಗೆ ಎತ್ತಿ ಕಟ್ಟಿದ್ದರೆ ಸಾಕಿತ್ತು. ಐವತ್ತು ರೂಪಾಯಿ ಕೂಡ ಆಗುತ್ತಿರಲಿಲ್ಲ. ಮರುವರ್ಷ ಅದನ್ನಷ್ಟೇ ಮಾಡಿದೆ, ಎಂಜಿನ್ ಮುಟ್ಟಲಿಲ್ಲ. ಮೊದಲ ಸಲ ಕೊನೆಯ ಗೆರೆ ಮುಟ್ಟಿದೆ.

ಆದ್ದರಿಂದ ಮೊದಲು ಟೈರು, ಆಮೇಲೆ ಬ್ರೇಕು, ಕೇಬಲ್ಲು, ಚೈನು, ನೀರು-ಧೂಳು ಒಳಗೆ ಹೋಗದ ಏರ್ಪಾಡು. ಬೈಕಾದರೆ ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡು. ಮೇಲಿನ ವೇಗ ಸ್ವಲ್ಪ ಇಳಿಯುತ್ತದೆ, ತಿರುವಿನಿಂದ ಹೊರಗೆಳೆಯುವ ಶಕ್ತಿ ಬರುತ್ತದೆ. ಮಣ್ಣಿನಲ್ಲಿ ಬೇಕಾದದ್ದು ಅದೇ. ಅದಕ್ಕೂ ಮುನ್ನ ನಿನ್ನ ವರ್ಗದಲ್ಲಿ ಏನೇನು ಬದಲಿಸಬಹುದು ಎಂದು ನಿಯಮದ ಹಾಳೆ ಓದು. ಓಟಕ್ಕೆ ಮುಂಚಿನ ಗಾಡಿ ತಪಾಸಣೆಯಲ್ಲಿ, ಅಂದರೆ ಸ್ಕ್ರೂಟಿನಿಯಲ್ಲಿ, ಹೊರಗೆ ಹಾಕಿದ ಮೇಲೆ ಅತ್ತರೆ ಪ್ರಯೋಜನವಿಲ್ಲ. ಹೆಸರು ಕೊಡುವಾಗ ಎಕ್ಸ್‌ಪರ್ಟುಗಳ ಜೊತೆ ಬೇಡ, ಹೊಸಬರ ನೊವಿಸ್ ವರ್ಗಕ್ಕೆ ಕೊಡು. ಸ್ಪರ್ಧೆಗೆ ದೇಶದ ಮೋಟರ್ ಕ್ರೀಡೆಯ ಆಡಳಿತ ಸಂಸ್ಥೆಯಾದ ಎಫ್.ಎಂ.ಎಸ್.ಸಿ.ಐ. ಅನುಮತಿ ಇದೆಯೇ, ಆಂಬುಲೆನ್ಸ್ ಮತ್ತು ಡಾಕ್ಟರ್ ಮೈದಾನದಲ್ಲಿರುತ್ತಾರೆಯೇ ಎಂದು ಕೇಳು. ಆ ಸಂಸ್ಥೆಯ ಸ್ಪರ್ಧಾ ಪರವಾನಗಿಯನ್ನು ನೀನೂ ಮಾಡಿಸಬೇಕಾಗುತ್ತದೆ.

ಟಾರ್ ಟ್ರ್ಯಾಕಿನ ಆಸೆ ಇದ್ದರೆ ಅದಕ್ಕೂ ಸ್ವಂತ ಗಾಡಿ ಬೇಡದ ದಾರಿ ಇದೆ. ಟಿವಿಎಸ್ 1994ರಿಂದ ಒನ್-ಮೇಕ್ ಚಾಂಪಿಯನ್‌ಶಿಪ್ ನಡೆಸುತ್ತಿದೆ. ಆಯ್ಕೆಯಾದವರಿಗೆ ಕಂಪನಿಯೇ ತಯಾರು ಮಾಡಿದ ಒಂದೇ ಥರದ ಬೈಕು. ಯಾರ ಜೇಬು ದೊಡ್ಡದು ಎನ್ನುವ ಮಾತೇ ಅಲ್ಲಿ ಬರುವುದಿಲ್ಲ. ಈ ಯೋಚನೆ ನಮ್ಮಲ್ಲಿ ಹಳೆಯದು. 1988ರಲ್ಲಿ ಕೊಯಮತ್ತೂರಿನ ಕರಿವರ್ಧನ್ ಮಾರುತಿ 800ರ ಎಂಜಿನನ್ನೇ ಹಾಕಿ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ರೇಸ್ ಕಾರು ತಂದರು, ಊರ ಮೆಕ್ಯಾನಿಕ್ಕಿಗೂ ಗೊತ್ತಿರುವ ಎಂಜಿನ್ ಇರಲಿ ಎಂದು. ನಾರಾಯಣ್ ಕಾರ್ತಿಕೇಯನ್ ಫಾರ್ಮುಲಾ ಒನ್‌ಗೆ ಹೋಗುವ ಮೊದಲು ಓಡಿಸಿದ ಕಾರುಗಳಲ್ಲಿ ಅದೂ ಒಂದು. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಆ ಪುಣ್ಯಾತ್ಮನದೇ ಹೆಸರು.

ನಿನ್ನ ಮಣ್ಣಿನ ದಾರಿಯೂ ಸಣ್ಣದಲ್ಲ. 2015ರಲ್ಲಿ, ಜಗತ್ತಿನ ಅತಿ ಕಠಿಣ ಓಟಗಳಲ್ಲೊಂದಾದ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್, ಶುರು ಮಾಡಿದ್ದು ಮೋಟೋಕ್ರಾಸಿನ ಇಂಥದ್ದೇ ಧೂಳಿನಲ್ಲಿ.

*ನಾನು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ವ್ಯಾಗನ್‌ಆರ್ ಇದೆ. ವೇಗದ ಹುಚ್ಚಿಲ್ಲ, ಆದರೆ ಸ್ಪರ್ಧೆ ಎಂದರೆ ಪ್ರಾಣ. ಗಂಡ ಜೊತೆಗೆ ಬರಲು ತಯಾರು. ನಮ್ಮಂಥವರಿಗೆ ಏನಾದರೂ ಇದೆಯೇ?*
— ಓದುಗಿ, ಕೋಥರೂಡ್

ಅಮ್ಮಾ, ನಿಮಗಾಗಿಯೇ ಮಾಡಿದ ಆಟ ಒಂದಿದೆ: ಟಿ.ಎಸ್.ಡಿ. ರ್‍ಯಾಲಿ. ಟೈಮ್, ಸ್ಪೀಡ್, ಡಿಸ್ಟೆನ್ಸ್. ಸಾಮಾನ್ಯ ರಸ್ತೆ, ಸಾಮಾನ್ಯ ಕಾರು, ಕಾನೂನಿನೊಳಗಿನ ವೇಗ. ಇಷ್ಟು ದೂರವನ್ನು ಸರಾಸರಿ ಇಷ್ಟು ವೇಗದಲ್ಲಿ ಹೋಗಬೇಕು ಎಂದು ಸಂಘಟಕರು ಕೊಡುವ ದಾರಿ ತೋರಿಸುವ ಪುಸ್ತಕದಲ್ಲಿ, ಅಂದರೆ ರೋಡ್‌ಬುಕ್ಕಿನಲ್ಲಿರುತ್ತದೆ. ದಾರಿಯಲ್ಲಿ ಎಲ್ಲೋ ಒಂದು ಕಡೆ, ಮೊದಲೇ ಹೇಳದೆ, ಗಡಿಯಾರ ಹಿಡಿದವರು ಕೂತಿರುತ್ತಾರೆ. ತಡವಾದರೆ ದಂಡ, ಬೇಗ ಬಂದರೂ ದಂಡ. ಎಷ್ಟೋ ರ್‍ಯಾಲಿಗಳಲ್ಲಿ ಬೇಗ ಬಂದದ್ದಕ್ಕೇ ಹೆಚ್ಚು.

ರೋಡ್‌ಬುಕ್ಕಿನಲ್ಲಿ ಊರಿನ ಹೆಸರು ಇರುವುದಿಲ್ಲ, ಟ್ಯುಲಿಪ್ ಚಿತ್ರಗಳಿರುತ್ತವೆ. ಗುಂಡು ಚುಕ್ಕೆ ನೀವು ಬರುವ ದಿಕ್ಕು, ಬಾಣ ಹೋಗುವ ದಿಕ್ಕು, ಪಕ್ಕದಲ್ಲಿ ಕಿಲೋಮೀಟರ್. ಗೆದ್ದವರೂ ಸೋತವರೂ ಬೇರೆಯಾಗುವುದು ಈ ಕಿಲೋಮೀಟರಿನಲ್ಲೇ. ಸಂಘಟಕರ ಅಳತೆಯ 10 ಕಿಲೋಮೀಟರಿಗೆ ನಿಮ್ಮ ಕಾರಿನ ಮೀಟರ್ 10.2 ತೋರಿಸುತ್ತದೆ ಎನ್ನಿ. ಈಗ 25 ಕಿಲೋಮೀಟರನ್ನು ಗಂಟೆಗೆ 30ರ ಸರಾಸರಿಯಲ್ಲಿ ಹೋಗಬೇಕು, ಅಂದರೆ 50 ನಿಮಿಷ. ನಿಮ್ಮ ಮೀಟರನ್ನು ನಂಬಿ 50ನೇ ನಿಮಿಷಕ್ಕೆ 25 ತೋರಿಸುವಂತೆ ಹೋದರೆ, ನಿಜಕ್ಕೂ ನೀವಿರುವುದು 24.51ರಲ್ಲಿ. ಇನ್ನೂ 490 ಮೀಟರ್ ಬಾಕಿ, ಹೆಚ್ಚೂಕಡಿಮೆ ಒಂದು ನಿಮಿಷ ತಡ. ರೋಡ್‌ಬುಕ್ಕಿನ ಪ್ರತಿ ಅಂಕಿಯನ್ನೂ 1.02ರಿಂದ ಗುಣಿಸಿಕೊಂಡಿದ್ದರೆ ಆ ನಿಮಿಷ ನಿಮ್ಮದಾಗುತ್ತಿತ್ತು. ಅದಕ್ಕೇ ರ್‍ಯಾಲಿಯ ಆರಂಭದಲ್ಲಿ ಮೀಟರ್ ತಾಳೆ ನೋಡಲು ಅಳತೆಯ ದೂರ ಕೊಟ್ಟಿರುತ್ತಾರೆ. ಅದನ್ನು ಗಡಿಬಿಡಿಯಲ್ಲಿ ದಾಟಬೇಡಿ. ಟೈರಿನ ಗಾಳಿಯನ್ನೂ ಆಮೇಲೆ ಬದಲಿಸಬೇಡಿ, ಲೆಕ್ಕ ತಪ್ಪುತ್ತದೆ.

ನೀವಿಬ್ಬರೂ ಒಂದು ರಜಾದಿನ ಪಾನ್‌ಶೆತ್ ಕಡೆ ಹೋಗಿ ಅಭ್ಯಾಸ ಮಾಡಿ. ಮನಸ್ಸಿನಲ್ಲೇ ಲೆಕ್ಕ ಹಾಕಲು ಗಂಟೆಗೆ 36ರಿಂದ ಆರಂಭಿಸಿ, ಕಿಲೋಮೀಟರಿಗೆ ಸರಿಯಾಗಿ 100 ಸೆಕೆಂಡ್. ಲೆಕ್ಕ ನಿಮ್ಮ ಕೈಯಲ್ಲಿ, ಸ್ಟೀರಿಂಗ್ ಅವರ ಕೈಯಲ್ಲಿ ಇರಲಿ. ದಾರಿ ತಪ್ಪಿದಾಗ ಯಾರ ತಪ್ಪು ಎಂಬ ಮಾತು ಕಾರಿನೊಳಗೆ ಬೇಡ. ಹಿಂತಿರುಗಿ ಕೊನೆಯ ಸರಿಯಾದ ಚಿತ್ರಕ್ಕೆ ಬನ್ನಿ, ಅಲ್ಲಿಂದ ಎಣಿಸಿ. ಖರ್ಚು ಪ್ರವೇಶ ಶುಲ್ಕ, ಪೆಟ್ರೋಲ್, ಎರಡು ಪೆನ್ಸಿಲ್, ಒಂದು ರಟ್ಟು.

ಮಹಿಳೆಯರಿಗಾಗಿಯೇ ನಡೆಯುವ ರ್‍ಯಾಲಿಗಳೂ ಇವೆ. 1919ರಲ್ಲಿ ಹುಟ್ಟಿದ ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ಮುಂಬೈಯಿಂದ ಆಂಬಿ ವ್ಯಾಲಿಗೆ ಅಂಥದ್ದನ್ನು ನಡೆಸಿದೆ. ಅದಕ್ಕಾದರೆ ಸ್ಟೀರಿಂಗ್ ನಿಮ್ಮದೇ, ಗಂಡನನ್ನು ಮನೆಯಲ್ಲಿ ಬಿಟ್ಟು ಶಾಲೆಯ ಗೆಳತಿಯನ್ನು ಕರೆದೊಯ್ಯಿರಿ.

*ಮಗನಿಗೆ 9 ವರ್ಷ. ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿ ಬಿಟ್ಟು ಬೇರೆ ಮಾತಿಲ್ಲ. ನಾನು ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಮನೆ ಸಾಲ ನಡೆಯುತ್ತಿದೆ. ಚಾಂಪಿಯನ್‌ಶಿಪ್ಪಿಗೆ ಹಾಕಲೇ?*
— ಓದುಗ, ವಾಕಡ್

ಈಗಲೇ ಬೇಡ. ರೋಟ್ಯಾಕ್ಸ್ ಥರದ ಕಾರ್ಟ್ ರೇಸಿನ ರಾಷ್ಟ್ರೀಯ ಸರಣಿಗೆ ಕಾರ್ಟು, ಟೈರು, ಮೆಕ್ಯಾನಿಕ್ಕು, ಊರೂರು ತಿರುಗಾಟ ಎಲ್ಲ ಸೇರಿದರೆ ಲೆಕ್ಕ ಲಕ್ಷಗಳಲ್ಲಿ. ಮನೆ ಸಾಲ ಇರುವವರು ಅದಕ್ಕೆ ಕೈ ಹಾಕಿ ನಡುವೆ ನಿಲ್ಲಿಸಿದಾಗ ಮಗುವಿನ ಮುಖ ನೋಡಲಾಗುವುದಿಲ್ಲ. ಒಬ್ಬ ಹುಡುಗನ ಮುಖ ನಾನು ನೋಡಿದ್ದೇನೆ.

ಮಕ್ಕಳಿಗೆ ಬಾಡಿಗೆ ಕಾರ್ಟ್ ಕೊಡುವ ಟ್ರ್ಯಾಕಿಗೆ ತಿಂಗಳಿಗೆರಡು ಸಲ ಕರೆದೊಯ್ಯಿರಿ. ಕೊನೆಗೆ ಅವರು ಕೊಡುವ ಲ್ಯಾಪ್ ಸಮಯದ ಚೀಟಿಯನ್ನು ಒಂದು ವಹಿಯಲ್ಲಿ ಅಂಟಿಸಿ. ಎಲ್ಲಕ್ಕಿಂತ ವೇಗದ ಲ್ಯಾಪ್ ನೋಡಬೇಡಿ, ಹತ್ತು ಲ್ಯಾಪುಗಳ ನಡುವಿನ ವ್ಯತ್ಯಾಸ ನೋಡಿ. ಆ ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಕಿರಿದಾಗುತ್ತಿದ್ದರೆ ಹುಡುಗ ಕಲಿಯುತ್ತಿದ್ದಾನೆ. ಒಂದು ವರ್ಷ ಹೀಗೆ ಕಳೆದ ಮೇಲೂ ಗುಂಗು ಉಳಿದರೆ ಕೊಲ್ಹಾಪುರದ ಮೋಹಿತೆ ಟ್ರ್ಯಾಕಿಗೆ ಒಮ್ಮೆ ಹೋಗಿ ಬನ್ನಿ, ಅಲ್ಲಿ ತರಬೇತಿಯ ಹುಡುಗರನ್ನು ಅವನೂ ನೋಡಲಿ, ನೀವೂ ನೋಡಿ. ಮನೆಯಲ್ಲಿ ಕಂಪ್ಯೂಟರಿಗೆ ಜೋಡಿಸುವ ಸ್ಟೀರಿಂಗ್ ವ್ಹೀಲ್ ಇದ್ದರೆ ಅದೂ ಆಟಿಕೆಯಲ್ಲ. ಬ್ರೇಕ್ ಎಲ್ಲಿ ಬಿಡಬೇಕು ಎಂಬುದನ್ನು ಅದು ಟೈರಿನ ಖರ್ಚಿಲ್ಲದೆ ಕಲಿಸುತ್ತದೆ.

*ಎಂಜಿನಿಯರಿಂಗ್ ಮೂರನೇ ವರ್ಷ. ರಾತ್ರಿ ಬೈಪಾಸಿನಲ್ಲಿ ಗೆಳೆಯರು ಬೆಟ್ ಕಟ್ಟಿ ಓಡಿಸುತ್ತಾರೆ. ಖರ್ಚೇ ಇಲ್ಲದ ರೇಸ್ ಎಂದರೆ ಇದೇ ಅಲ್ಲವೇ?*
— ಓದುಗ, ಪುಣೆ

ಅಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದೂ ಚಿಕ್ಕ ಮಾತು. ಆ ರಸ್ತೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವರು ಇರುತ್ತಾರೆ, ಮೂವತ್ತು ವರ್ಷ ನಾನೂ ಹಾಗೇ ಬಂದವನು. ಅವರು ನಿಮ್ಮ ಸ್ಪರ್ಧೆಗೆ ಹೆಸರು ಕೊಟ್ಟವರಲ್ಲ.

ವಿಮೆಯ ಮಾತನ್ನೂ ಹೇಳಿಬಿಡುತ್ತೇನೆ, ಇದು ಎಲ್ಲರಿಗೂ. ನಿಮ್ಮ ಗಾಡಿಯ ಪಾಲಿಸಿ ತೆಗೆದು 'ಬಳಕೆಯ ಮಿತಿ' ಎಂಬ ಭಾಗ ಓದಿ. ಸಂಘಟಿತ ರೇಸ್, ವೇಗ ಪರೀಕ್ಷೆ, ಗಾಡಿಯ ತಾಳಿಕೆ ನೋಡುವ ರಿಲಯಬಿಲಿಟಿ ಟ್ರಯಲ್ ಇವಕ್ಕೆ ರಕ್ಷಣೆ ಇಲ್ಲ ಎಂದು ಅಲ್ಲಿದೆ. ರ್‍ಯಾಲಿಯೊಂದರಲ್ಲಿ ನನ್ನ ಕಾಲರ್‌ಬೋನ್ ಮುರಿದಾಗ ಅಪಘಾತ ವಿಮೆಯ ಅರ್ಜಿ ಹಾಗೇ ವಾಪಸ್ ಬಂತು. ಆರು ವಾರ ಸಂಬಳವಿಲ್ಲ, ಹೆಂಡತಿಯ ಬಳೆ ಅಡವಿಟ್ಟೆ. ಆ ಪಾಲಿಸಿಯಲ್ಲೂ ರೇಸಿಗೆ ರಕ್ಷಣೆ ಇಲ್ಲ ಎಂದು ಬರೆದಿತ್ತು, ನಾನು ಓದಿರಲಿಲ್ಲ. ಸ್ಪರ್ಧೆಯ ಸಂಘಟಕರು ಏನು ವಿಮೆ ಮಾಡಿಸಿದ್ದಾರೆ, ಎಷ್ಟಕ್ಕೆ, ಎಂದು ಹೆಸರು ಕೊಡುವ ಮೊದಲೇ ಬರಹದಲ್ಲಿ ಕೇಳಿ.

ನಿಮ್ಮ ಕಾಲೇಜಿನಲ್ಲಿ ಬಾಹಾ ತಂಡ ಇದೆಯೇ ವಿಚಾರಿಸಿ. ವಿದ್ಯಾರ್ಥಿಗಳೇ ಪೈಪು ಬಗ್ಗಿಸಿ, ವೆಲ್ಡ್ ಮಾಡಿ ಕಟ್ಟಿದ ಒಂಟಿ ಸೀಟಿನ ಗಾಡಿಯನ್ನು ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ಒಯ್ಯುತ್ತಾರೆ, ಇಂದೋರ್ ಬಳಿಯ ಪೀಥಂಪುರದಲ್ಲಿ ಅದು ಬಹಳ ವರ್ಷ ನಡೆದಿದೆ. ತಂಡ ಇಲ್ಲದಿದ್ದರೆ ನಿಮ್ಮ ಆ ಗೆಳೆಯರನ್ನೇ ಸೇರಿಸಿ ಕಟ್ಟಿ.

*ವಯಸ್ಸು 61. ಬಂದರಿನ ಕೆಲಸದಿಂದ ನಿವೃತ್ತ. ಪುಣೆಯಲ್ಲಿ ಮಗಳ ಮನೆಗೆ ಬಂದಾಗಲೆಲ್ಲ ರೇಸ್ ನೋಡುತ್ತೇನೆ. ಈ ವಯಸ್ಸಿನಲ್ಲಿ ಒಳಗೆ ಹೋಗಲು ದಾರಿ ಇದೆಯೇ?*
— ಓದುಗ, ವಾಸ್ಕೋ, ಗೋವಾ

ಇದೆ, ಮತ್ತು ಬೇಲಿಯ ಒಳಗೆ. ಓಟದ ದಾರಿಯಲ್ಲಿ ಬಾವುಟ ತೋರಿಸುವ ಮಾರ್ಷಲ್ ಆಗಿ ಬನ್ನಿ. ಚಾಕಣದ ಹುಡುಗನಿಗೂ ಇದೇ ಮಾತು, ಗಾಡಿ ಕೊಳ್ಳುವ ಮುಂಚೆ ಎರಡು ಸ್ಪರ್ಧೆಗಾದರೂ ಬಾವುಟ ಹಿಡಿ. ಕ್ಲಬ್ಬುಗಳಿಗೆ ಕೈಗಳು ಯಾವಾಗಲೂ ಕಡಿಮೆ, ಬರುತ್ತೇನೆ ಎಂದವರನ್ನು ಕಲಿಸಿ ನಿಲ್ಲಿಸುತ್ತಾರೆ. ಹಳದಿ ಬೀಸಿದರೆ ಮುಂದೆ ಅಪಾಯ, ಯಾರೂ ಯಾರನ್ನೂ ದಾಟಬಾರದು. ಕೆಂಪು ಎಂದರೆ ಓಟ ನಿಂತಿತು. ನೀಲಿ ಎಂದರೆ ಹಿಂದೆ ವೇಗದವನು ಬರುತ್ತಿದ್ದಾನೆ. ಹಳದಿ-ಕೆಂಪು ಪಟ್ಟೆಯಾದರೆ ನೆಲ ಜಾರುತ್ತದೆ. ಕಪ್ಪು ಬಟ್ಟೆಯ ನಡುವೆ ಕಿತ್ತಳೆ ಚಕ್ರ ಇದ್ದರೆ ನಿನ್ನ ಗಾಡಿ ಕೆಟ್ಟಿದೆ, ರಿಪೇರಿಯ ಜಾಗವಾದ ಪಿಟ್ಟಿಗೆ ಬಾ ಎಂದು.

ತಿರುವಿನ ಅಂಚಿನಲ್ಲಿ ನಿಂತಾಗ ಗೆಲ್ಲುವವನು ಎಲ್ಲಿ ಬ್ರೇಕ್ ಹಿಡಿಯುತ್ತಾನೆ, ಬೀಳುವವನು ಎಲ್ಲಿ ಹಿಡಿಯುತ್ತಾನೆ ಎಂಬುದು ಹತ್ತು ಹೆಜ್ಜೆ ದೂರದಿಂದ ಕಾಣುತ್ತದೆ. ಬಿದ್ದವನ ಬಳಿ ಮೊದಲು ಓಡುವುದೂ ನೀವೇ. ಓಡುವ ಮುಂಚೆ ಗಾಡಿಗಳು ಬರುವ ದಿಕ್ಕಿಗೆ ನೋಡಿ, ನಿಮ್ಮ ಜೊತೆಗಾರ ಹಳದಿ ಎತ್ತಿದ್ದಾನೆಯೇ ಖಚಿತ ಮಾಡಿಕೊಳ್ಳಿ, ಬಿದ್ದವನ ಹೆಲ್ಮೆಟ್ ಮಾತ್ರ ಡಾಕ್ಟರ್ ಬರುವ ತನಕ ಬಿಚ್ಚಬೇಡಿ. ಅಗಲ ಅಂಚಿನ ಟೊಪ್ಪಿ, ಮುಖಕ್ಕೆ ಒದ್ದೆ ಮಾಡಿ ಕಟ್ಟಲು ಒಂದು ಪಂಚೆ, ಎರಡು ಲೀಟರ್ ನೀರು ತನ್ನಿ. ಮಧ್ಯಾಹ್ನದ ಊಟ ನಿಂತಲ್ಲಿಗೇ ಕೊಡುತ್ತಾರೆ, ತಿನ್ನಲು ಪುರುಸೊತ್ತು ಸಿಗುವುದು ಎರಡು ಓಟಗಳ ನಡುವೆ ಮಾತ್ರ.