ಬಿಡುಗಡೆ ಪುಕ್ಕಟೆ, ಜಮೀನಿಗೆ 49 ಕಂತು

ಪ್ರಶ್ನೆ: ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ 1861ರಲ್ಲಿ ಜೀತದ ರೈತರನ್ನು ಬಿಡಿಸಿ ಜಮೀನನ್ನೂ ಕೊಡಿಸಿದನಂತೆ. ನಮ್ಮ ‘ಉಳುವವನೇ ಭೂಮಿಯ ಒಡೆಯ’ ಇದ್ದ ಹಾಗೇ ಅಲ್ಲವೇ? ಆದರೂ ಆ ರೈತರ ಬಡತನ ಯಾಕೆ ಹೋಗಲಿಲ್ಲ?
– ಓದುಗರೊಬ್ಬರು, ಮದ್ದೂರು

ಉತ್ತರ: ತೊಡಕಿದ್ದದ್ದು ಜಮೀನಿನ ಬೆಲೆ ಕಟ್ಟಿದ ರೀತಿಯಲ್ಲಿ. ರೈತ ಒಡೆಯನಿಗೆ ವರ್ಷಕ್ಕೆ 10 ರೂಬಲ್ ಗೇಣಿ ಕೊಡುತ್ತಿದ್ದ ಎನ್ನಿ. ಶೇ 6ರ ಬಡ್ಡಿಯಲ್ಲಿ 10 ರೂಬಲ್ ತರುವ ಅಸಲೆಷ್ಟೋ ಅದೇ ಜಮೀನಿನ ಬೆಲೆ: ಸುಮಾರು 167 ರೂಬಲ್. ಪೂರ್ತಿ ಹಿಡುವಳಿಯಾದರೆ ಇದರ ಶೇ 80, ಅಂದರೆ 133 ರೂಬಲನ್ನು ಸರ್ಕಾರ ಒಡೆಯನಿಗೆ ಬಾಂಡ್ ರೂಪದಲ್ಲಿ ಕೊಡುತ್ತಿತ್ತು. ಉಳಿದದ್ದು ರೈತನ ಪಾಲಿನದು. ಸರ್ಕಾರದ ಸಾಲಕ್ಕೆ ವರ್ಷಕ್ಕೆ 8 ರೂಬಲಿನಂತೆ 49 ವರ್ಷ ಕಟ್ಟಬೇಕು. ಕೂಡಿಸಿದರೆ 392!

ಮಣ್ಣಿನ ಗುಣ ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ, ನೋಡಿ. ಉತ್ತರದ ಬರಡು ಸೀಮೆಯ ರೈತ ಪಟ್ಟಣದಲ್ಲಿ ಕೂಲಿ ಮಾಡಿ ಗೇಣಿ ತೀರಿಸುತ್ತಿದ್ದ. ಹಾಗಾಗಿ ಅವನ ರಟ್ಟೆಯ ಬೆಲೆಯೂ ಹೊಲದ ಬೆಲೆಯೊಳಗೆ ಸೇರಿಹೋಯಿತು. ದಕ್ಷಿಣದ ಎರೆಮಣ್ಣಿನ ಕಡೆ ಇನ್ನೊಂದು ಪಟ್ಟು. ಹಿಡುವಳಿ ಮಿತಿ ಮೀರಿದ್ದರೆ ಹೆಚ್ಚುವರಿಯನ್ನು ಒಡೆಯ ಕತ್ತರಿಸಿಕೊಳ್ಳಬಹುದಿತ್ತು. ಕತ್ತರಿಸಿದ್ದು ಎಷ್ಟೋ ಕಡೆ ಹುಲ್ಲುಗಾವಲು, ದನಕ್ಕೆ ನೀರು ಕುಡಿಸುವ ಜಾಗ. ಅದಿಲ್ಲದೆ ಬೇಸಾಯ ಸಾಗದು, ಮತ್ತೆ ಒಡೆಯನ ಬಾಗಿಲಿಗೇ ಹೋಗಬೇಕು. ಕಾಲು ಪಾಲು ಜಮೀನನ್ನು ಪುಕ್ಕಟೆ ಪಡೆದು ಸಾಲದಿಂದ ತಪ್ಪಿಸಿಕೊಳ್ಳಲು ದಾರಿಯಿತ್ತು. ಜನ ಅದನ್ನು ‘ಭಿಕ್ಷುಕರ ಪಾಲು’ ಎಂದರು.

1974ರ ನಂತರ ನಮ್ಮಲ್ಲಿ 7ನೇ ನಂಬರ್ ಫಾರಂ ಹಾಕಿ, ಭೂನ್ಯಾಯ ಮಂಡಳಿಯಲ್ಲಿ ಗೆದ್ದ ಗೇಣಿದಾರನ ಹೆಸರು ಪಹಣಿಗೆ ಬಂತು. ರಷ್ಯಾದ ಹೆಚ್ಚಿನ ಕಡೆ ಜಮೀನು ಊರೊಟ್ಟಿನ ಹೆಸರಿಗೆ. ಒಬ್ಬ ಕಂತು ತಪ್ಪಿಸಿದರೆ ಊರೇ ತುಂಬಬೇಕು; ಹಾಗಾಗಿ ಊರು ಯಾರನ್ನೂ ಸುಲಭವಾಗಿ ಬಿಟ್ಟುಕೊಡುತ್ತಿರಲಿಲ್ಲ. ಕಂತುಗಳು ರದ್ದಾದದ್ದು 1907ರಲ್ಲಿ, ಅದೂ 1905ರ ದಂಗೆಯ ಬಿಸಿ ತಟ್ಟಿದ ಮೇಲೆ.

ಪ್ರಶ್ನೆ: ಕೊಲೆಯಾದ ದಿನವೇ ಎರಡನೇ ಅಲೆಕ್ಸಾಂಡರ್ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟಿದ್ದನೇ?
– ಓದುಗರು, ಮೈಸೂರು

ಉತ್ತರ: ಸಂವಿಧಾನ ಎನ್ನುವುದು ದೊಡ್ಡ ಮಾತಾಯಿತು. 1881ರ ಮಾರ್ಚ್ 13ರ (ಅವರ ಹಳೆಯ ಪಂಚಾಂಗದಲ್ಲಿ ಮಾರ್ಚ್ 1) ಬೆಳಿಗ್ಗೆ ಒಪ್ಪಿದ್ದು ಮಂತ್ರಿ ಲೋರಿಸ್-ಮೆಲಿಕೋವ್ ಯೋಜನೆಯನ್ನು: ಮಸೂದೆಗಳ ಚರ್ಚೆಗೆ ಚುನಾಯಿತರನ್ನೂ ಕರೆಯುವುದು, ಸಲಹೆಯಷ್ಟೇ ಕೇಳುವುದು. ಅದೇ ಮಧ್ಯಾಹ್ನ ಪೀಟರ್ಸ್‌ಬರ್ಗಿನ ಕಾಲುವೆ ದಂಡೆಯಲ್ಲಿ ಮೊದಲ ಬಾಂಬಿಗೆ ಜಖಂ ಆದದ್ದು ಗಾಡಿ. ಇಳಿದು ನೋಡಲು ಹೋದವನಿಗೆ ಎರಡನೆಯದು ತಗುಲಿತು. ಮಗ ಮೂರನೇ ಅಲೆಕ್ಸಾಂಡರ್ ಯೋಜನೆಯನ್ನು ಕೈಬಿಟ್ಟ. ಅದೇ ವರ್ಷದ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ಅದಕ್ಕೂ ಇದ್ದದ್ದು ಸಲಹೆ ಕೊಡುವ ಅಧಿಕಾರವಷ್ಟೇ. ಆದರೆ ಅದು ಸೇರಿತು.