ಅಪ್ಪನ ಪತ್ರದಲ್ಲಿ ಮಕ್ಕಳ ಬಿಡುಗಡೆ ಇಲ್ಲ

ಇಟ್ಟಿಗೆ ಗೂಡಿನ ಜೀತದಿಂದ ಬಿಡಿಸಿ ತಂದ ಇರುಳಿಗ ಸಮುದಾಯದ ಕುಟುಂಬವೊಂದರ ಬಗ್ಗೆ ಶಿಕ್ಷಕರೊಬ್ಬರು ಬರೆದಿದ್ದಾರೆ. ಜೀತದಿಂದ ಬಿಡುಗಡೆಯಾಗಿದೆ ಎಂದು ಸರ್ಕಾರ ಕೊಡುವ ಬಿಡುಗಡೆ ಪತ್ರ ಅಪ್ಪನ ಹೆಸರಿಗೆ ಮಾತ್ರ ಬಂದಿದೆ; 19ರ ಮಗಳಿಗೂ 16ರ ಮಗನಿಗೂ ಏನೂ ಸಿಕ್ಕಿಲ್ಲ. ಮಾಲೀಕ ಫೋನ್ ಮಾಡಿ ಮುಂಗಡ ವಾಪಸ್ ಕೇಳುತ್ತಿದ್ದಾನಂತೆ.

ಮೇಷ್ಟ್ರೇ, ಎಡವಟ್ಟು ಆಗಿರುವುದೇ ಆ ಒಂದು ಪತ್ರದಲ್ಲಿ. ಮುಂಗಡ ತಗೊಂಡವನು ಅಪ್ಪ, ಮಕ್ಕಳು ಬರೀ ಕೈಜೋಡಿಸಿದರು ಎಂದು ಬರೆದುಬಿಡುತ್ತಾರೆ. ಅದು ತಪ್ಪು. 1976ರ ಜೀತ ರದ್ದತಿ ಕಾಯ್ದೆಯ ವ್ಯಾಖ್ಯೆಯಲ್ಲೇ ಸಾಲಗಾರ ತನ್ನ ಮನೆಯವರಿಂದ ಮಾಡಿಸುವ ದುಡಿಮೆಯೂ ಸೇರಿದೆ. ಹಾಗಾಗಿ ಅಕ್ಕ, ತಮ್ಮ ಇಬ್ಬರೂ ಪ್ರತ್ಯೇಕ ಬಿಡುಗಡೆ ಪತ್ರ ಕೋರಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಲಿ, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಲಿ. ಆಧಾರ್‌ನಲ್ಲಿರುವಂತೆಯೇ ಹೆಸರು ಬರೆಯಿಸಿ. ಒಂದಕ್ಷರ ಹೆಚ್ಚುಕಮ್ಮಿಯಾದರೂ ಪುನರ್ವಸತಿಯ ಹಣ ಖಾತೆಗೆ ಬೀಳದೆ ನಿಲ್ಲುತ್ತದೆ.

ಹೇಳಿಕೆಯಲ್ಲಿ 'ಕಷ್ಟ ಕೊಟ್ಟರು' ಎಂದಷ್ಟೇ ಇದ್ದರೆ ಅದು ಕೂಲಿ ತಕರಾರಾಗಿ ಮುಗಿದುಹೋಗುತ್ತದೆ. ಮುಂಗಡ ಎಷ್ಟು, ಯಾರ ಕೈಯಿಂದ ಬಂತು, ವಾರದ ಖರ್ಚಿಗೆ ಎಷ್ಟು ಕೊಟ್ಟರು, ಇಟ್ಟಿಗೆ ಲೆಕ್ಕ ಯಾರ ಪುಸ್ತಕದಲ್ಲಿತ್ತು, ಹಬ್ಬಕ್ಕೆ ಊರಿಗೆ ಹೊರಟಾಗ ಯಾರನ್ನು ಒತ್ತೆಯಾಗಿ ಉಳಿಸಿಕೊಂಡರು, ಇಷ್ಟೂ ಬರಲಿ. ಜೀತವಲ್ಲವೆಂದು ಸಾಬೀತು ಮಾಡುವ ಹೊಣೆ ಮಾಲೀಕನದು.

2021ರ ಕೇಂದ್ರ ಪುನರ್ವಸತಿ ಯೋಜನೆಯಲ್ಲಿ ತಕ್ಷಣದ ನೆರವು 30,000 ರೂಪಾಯಿವರೆಗೆ ಇದೆ. ಇದಕ್ಕೆ ಶಿಕ್ಷೆಯ ತೀರ್ಪು ಬರುವವರೆಗೆ ಕಾಯಬೇಕಿಲ್ಲ. ಪೂರ್ಣ ಮೊತ್ತ ವಯಸ್ಕ ಗಂಡಸಿಗೆ 1 ಲಕ್ಷ, ಮಕ್ಕಳಿಗೂ ಹೆಂಗಸರಿಗೂ 2 ಲಕ್ಷ, ಲೈಂಗಿಕ ಶೋಷಣೆ, ಮಾನವ ಸಾಗಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ. ಇದು ಪ್ರಕರಣದ ತೀರ್ಮಾನಕ್ಕೆ ತಳಕು ಹಾಕಿಕೊಂಡಿದೆ, ವರ್ಷಗಟ್ಟಲೆ ಎಳೆಯುವುದು ಇಲ್ಲಿಯೇ. ಆದ್ದರಿಂದ ಎಫ್‌ಐಆರ್ ಗಟ್ಟಿಯಾಗಿರಬೇಕು: ಜೀತ ಕಾಯ್ದೆಯ ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ (ಮಾನವ ಸಾಗಣೆ) ಇರಲಿ. ಗೂಡು ಬೇರೆ ಜಿಲ್ಲೆಯಲ್ಲಿದ್ದರೂ ಶೂನ್ಯ ಎಫ್‌ಐಆರ್ (ಯಾವ ಠಾಣೆಯಲ್ಲಾದರೂ ಕೊಡಬಹುದಾದ ದೂರು) ಅನ್ನು ನಿಮ್ಮ ಠಾಣೆಯಲ್ಲೇ ದಾಖಲಿಸಬಹುದು.

ಇರುಳಿಗರು ಪರಿಶಿಷ್ಟ ಪಂಗಡದವರು. ಮಾಲೀಕ ಪರಿಶಿಷ್ಟ ಜಾತಿ, ಪಂಗಡದವನಲ್ಲದಿದ್ದರೆ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಜೀತ ಮಾಡಿಸುವುದನ್ನು ಅಪರಾಧವೆನ್ನುವ 3(1)(ಎಚ್) ಕಲಂ ಕೂಡ ಅನ್ವಯಿಸುತ್ತದೆ. ಅದರ ಪರಿಹಾರ ಬೇರೆಯೇ ಬರಬೇಕು. ಊರೂರು ಅಲೆದ ಕುಟುಂಬಗಳಲ್ಲಿ ಜಾತಿ ಪ್ರಮಾಣಪತ್ರ ಇರುವುದೇ ಅಪರೂಪ. ನಾಡಕಚೇರಿಯಲ್ಲಿ ಇವತ್ತೇ ಅರ್ಜಿ ಹಾಕಿಸಿ.

ಹುಡುಗನ ವಿಷಯದಲ್ಲಿ ನಿಮ್ಮ ಕೈಯಲ್ಲೇ ಒಂದು ದೊಡ್ಡ ದಾಖಲೆ ಇದೆ. ಅವನು ನಿಮ್ಮ ಶಾಲೆಯಲ್ಲಿ ಒಂದು ವರ್ಷ ಕೂತಿದ್ದರೂ ದಾಖಲಾತಿ ಪುಸ್ತಕದಲ್ಲಿ ಜನ್ಮದಿನ ಇರುತ್ತದೆ. ಬಾಲನ್ಯಾಯ ಕಾಯ್ದೆಯ ಪ್ರಕಾರ ವಯಸ್ಸಿಗೆ ಮೊದಲು ನೋಡುವುದು ಶಾಲಾ ದಾಖಲೆ, ಆಮೇಲೆ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ದೃಢೀಕರಿಸಿದ ಪ್ರತಿ ಹಿಡಿದು ಮಕ್ಕಳ ಕಲ್ಯಾಣ ಸಮಿತಿಗೆ ಹೋಗಿ, ದಾರಿ ಗೊತ್ತಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿ. ವಕೀಲರು ಬೇಕಾದರೆ ಕಾನೂನು ನೆರವಿನ ಸಹಾಯವಾಣಿ 15100. ಅಕ್ಕ, ತಮ್ಮ ಇಬ್ಬರಿಗೂ ಉಚಿತ ಕಾನೂನು ನೆರವಿದೆ, ಆದಾಯ ಪತ್ರ ಕೇಳುವಂತಿಲ್ಲ.

ಮಾಲೀಕನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆ ಸಾಲ ಕಾನೂನಿನಲ್ಲಿ ರದ್ದಾಗಿದೆ. ಅದರ ಬಾಬ್ತು ಹಣ ತೆಗೆದುಕೊಂಡರೆ ಅವನಿಗೆ 3 ವರ್ಷದವರೆಗೆ ಜೈಲಿದೆ. ಫೋನ್ ಬಂದ ದಿನ, ಹೊತ್ತು, ನಂಬರು ಬರೆದಿಟ್ಟು ತನಿಖಾಧಿಕಾರಿಗೆ ಕೊಡಿ.