ಕೇಸು ಕಡಿಮೆ ಅಂದರೆ ಕಾಯಿಲೆ ಕಡಿಮೆ ಅಂತಾನಾ?

ಪ್ರಶ್ನೆ: ಹೊಟ್ಟೆಯ ಕ್ಯಾನ್ಸರ್ ಜಪಾನ್, ಕೊರಿಯಾ ಕಡೆ ಜಾಸ್ತಿ ಅಂತ ಓದಿದೆ. ಆಫ್ರಿಕಾದಲ್ಲಿ ಇದಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾ ತುಂಬಾ ಜನರಲ್ಲಿದ್ದರೂ ಕ್ಯಾನ್ಸರ್ ಕಡಿಮೆಯಂತೆ. ಹಾಗಾದರೆ ಆ ಬ್ಯಾಕ್ಟೀರಿಯಾಗೆ ಹೆದರಬೇಕಿಲ್ಲ ಅಲ್ವಾ?

ಉತ್ತರ: ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡಿ. ನೀವು ಹೇಳುತ್ತಿರುವುದು ಹೆಲಿಕೋಬ್ಯಾಕ್ಟರ್ ಪೈಲೋರಿ. ಇದು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಹೇಳಿದೆ.

ಮೊದಲು ಲೆಕ್ಕದ ವಿಷಯ ನೋಡೋಣ. ಒಬ್ಬರಿಗೆ ಹೊಟ್ಟೆಯ ಕ್ಯಾನ್ಸರ್ ಇದೆ ಅಂತ ದಾಖಲಾಗಬೇಕಾದರೆ ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ಹೊಟ್ಟೆ ನೋಡುವುದು) ಆಗಬೇಕು, ಬಯಾಪ್ಸಿಗೆ ಅಂದರೆ ಪರೀಕ್ಷೆಗೆ ಒಂದು ಚೂರು ತೆಗೆಯಬೇಕು, ಅದನ್ನು ನೋಡಲು ಪೆಥಾಲಜಿಸ್ಟ್ ಅನ್ನೋ ತಜ್ಞ ವೈದ್ಯರು ಇರಬೇಕು, ಕೊನೆಗೆ ಅದು ಕ್ಯಾನ್ಸರ್ ನೋಂದಣಿಗೆ ಹೋಗಬೇಕು. ಇದರಲ್ಲಿ ಒಂದು ತಪ್ಪಿದರೂ ಆ ವ್ಯಕ್ತಿ ಲೆಕ್ಕಕ್ಕೇ ಸಿಗುವುದಿಲ್ಲ. ಹೊಟ್ಟೆನೋವು ಬಂದು ತೀರಿಕೊಂಡರು, ಅಷ್ಟೇ. 2022ರಲ್ಲಿ ಜಗತ್ತಿನಲ್ಲಿ ಸುಮಾರು 9.7 ಲಕ್ಷ ಹೊಸ ರೋಗಿಗಳು, 6.6 ಲಕ್ಷ ಸಾವು ಅಂತ ಅಂದಾಜು. ಆದರೆ ಸ್ವಂತ ದಾಖಲೆಯೇ ಇಲ್ಲದ ದೇಶಗಳಿಗೆ ಪಕ್ಕದ ದೇಶಗಳ ಪ್ರಮಾಣ ನೋಡಿ ಅಂಕಿ ತುಂಬಿರುತ್ತಾರೆ, ಇದು ತುಂಬಾ ಜನರಿಗೆ ಗೊತ್ತಿಲ್ಲ. ಜೊತೆಗೆ ಈ ಕ್ಯಾನ್ಸರ್ ಬೆಳೆಯಲು ದಶಕಗಳೇ ಬೇಕು. ಬೇರೆ ಕಾಯಿಲೆಗಳಿಂದ ಜನ ಬೇಗ ಸಾಯುವ ಕಡೆ ಇದು ಕಾಣಿಸಿಕೊಳ್ಳೋದೂ ಕಡಿಮೆ.

ಹಾಗಂತ ಎಲ್ಲವೂ ಲೆಕ್ಕದ ತಪ್ಪಲ್ಲ. ಕೊಲಂಬಿಯಾದ ನರಿನ್ಯೊ ಪ್ರಾಂತ್ಯವನ್ನೇ ನೋಡಿ. ಅಲ್ಲಿ ಆಂಡಿಸ್ ಬೆಟ್ಟದವರಲ್ಲೂ ಕರಾವಳಿಯವರಲ್ಲೂ ಈ ಸೋಂಕು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದೆ. ಕ್ಯಾನ್ಸರ್ ಮಾತ್ರ ಬೆಟ್ಟದವರಲ್ಲಿ ಸುಮಾರು 25 ಪಟ್ಟು ಜಾಸ್ತಿ! ಕರಾವಳಿಯವರ ಪೂರ್ವಜರು ಹೆಚ್ಚಾಗಿ ಆಫ್ರಿಕಾದವರು, ಅವರ ಹೊಟ್ಟೆಯಲ್ಲಿರೋ ಬ್ಯಾಕ್ಟೀರಿಯಾದ ಮೂಲವೂ ಬಹುಪಾಲು ಆಫ್ರಿಕಾ, ಎರಡೂ ಸಾವಿರಾರು ವರ್ಷ ಒಟ್ಟಿಗೇ ಬಾಳಿವೆ. ಬೆಟ್ಟದವರು ಅಮೆರಿಕದ ಮೂಲನಿವಾಸಿಗಳ ವಂಶ, ಆದರೆ ಬ್ಯಾಕ್ಟೀರಿಯಾ ಯುರೋಪಿನಿಂದ ಬಂದದ್ದು. ಹೊಂದಾಣಿಕೆಯಿಲ್ಲದ ಈ ಜೋಡಿಯಲ್ಲೇ ಹೊಟ್ಟೆಯ ಒಳಪದರ ಜಾಸ್ತಿ ಹಾಳಾಗುತ್ತದೆ ಅಂತ 2014ರ ಅಧ್ಯಯನವೊಂದು ತೋರಿಸಿತು. ಜಪಾನಿನವರನ್ನೋ ಯುರೋಪಿನವರನ್ನೋ ಮಾತ್ರ ನೋಡುತ್ತಾ ಕೂತಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಇನ್ನು ಸರಾಸರಿ ಅನ್ನೋದು ಇನ್ನೊಂದು ಕಾಟ. ಅಮೆರಿಕದಲ್ಲಿ ಒಟ್ಟಾರೆ ಈ ಕ್ಯಾನ್ಸರ್ ಕಡಿಮೆ, ಆದರೆ ಅಲಾಸ್ಕಾದ ಮೂಲನಿವಾಸಿಗಳಲ್ಲಿ ಬಿಳಿಯರಿಗಿಂತ ಎಷ್ಟೋ ಜಾಸ್ತಿ. ಕೊರಿಯಾ ಮೂಲದವರಲ್ಲೂ ಜಾಸ್ತಿಯೇ. ಆದರೆ 'ಏಷ್ಯನ್ನರು' ಅಂತ ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿದರೆ ಅದು ಮುಚ್ಚಿಹೋಗುತ್ತದೆ. ನ್ಯೂಜಿಲೆಂಡಿನಲ್ಲಂತೂ ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಒಂದು ಕುಟುಂಬದವರು 'ನಮ್ಮಲ್ಲೇ ಯಾಕೆ ಇಷ್ಟು ಜನ ಇದರಿಂದ ಸಾಯ್ತಿದ್ದಾರೆ' ಅಂತ ತಾವೇ ಕೇಳಿದರು. ಅವರ ಜೊತೆ ಸೇರಿ ಸಂಶೋಧಕರು 1998ರಲ್ಲಿ, ವಂಶದಲ್ಲಿ ಹರಿದು ಬಂದು ಈ ಕ್ಯಾನ್ಸರ್ ತರುವ, ಸಿಡಿಎಚ್1 ಅನ್ನೋ ಜೀನಿನ ದೋಷ ಪತ್ತೆ ಮಾಡಿದರು. ಇವತ್ತು ಹಲವು ದೇಶಗಳಲ್ಲಿ ಇಂಥ ಕುಟುಂಬಗಳು ಆ ಪರೀಕ್ಷೆ ಮಾಡಿಸಿಕೊಳ್ಳುತ್ತವೆ.

ಪ್ರಶ್ನೆ: ಹಾಗಾದರೆ ಎಲ್ಲರೂ ಎಂಡೋಸ್ಕೋಪಿ ಮಾಡಿಸಬೇಕಾ?

ಉತ್ತರ: ಬೇಡ. ಕೊರಿಯಾದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ತಪಾಸಣೆ ಇದೆ, ಯಾಕೆಂದರೆ ಅಲ್ಲಿ ರೋಗ ಅಷ್ಟು ಜಾಸ್ತಿ. ಬೇರೆಯವರು ಸುಮ್ನೆ ಹೋಗಿ ಮಾಡಿಸೋ ಅಗತ್ಯ ಇಲ್ಲ. ಆದರೆ ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ, ಮಲ ಕಪ್ಪಾಗಿದ್ದರೆ, ಪದೇಪದೇ ವಾಂತಿಯಾಗುತ್ತಿದ್ದರೆ, ಕಾರಣವಿಲ್ಲದೆ ರಕ್ತಹೀನತೆ ಬಂದಿದ್ದರೆ ಗ್ಯಾಸಿನ ಮಾತ್ರೆ ನುಂಗಿಕೊಂಡು ತಿಂಗಳುಗಟ್ಟಲೆ ಕಾಯಬೇಡಿ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಆಗಿದ್ದರೆ ಪೈಲೋರಿ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ. ಉಸಿರಿನ ಅಥವಾ ಮಲದ ಪರೀಕ್ಷೆ ಸಾಕಾಗುತ್ತದೆ. ಆಸಿಡ್ ಕಡಿಮೆ ಮಾಡೋ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಸೋಂಕು ಇದ್ದರೂ ಪರೀಕ್ಷೆಯಲ್ಲಿ ಇಲ್ಲ ಅಂತ ಬರಬಹುದು.